ಪಕ್ಕದ ಮನೆ ಮಗು ನಡೀತು, ನಮ್ದು ಯಾಕಿನ್ನೂ ಕೂತಲ್ಲೇ ಇದೆ?

ಮೈಸೂರಿನ ಸಿಟಿ ಬಸ್ಸಿನಲ್ಲಿ ಮಡಿಲ ತುಂಬ ಮಗು ಇಟ್ಟುಕೊಂಡ ಇಬ್ಬರು ತಾಯಂದಿರು ಅಕ್ಕಪಕ್ಕ ಬಂದು ಕೂತರೆ, ಮೊದಲ ಸ್ಟಾಪು ದಾಟುವುದರೊಳಗೆ ಪ್ರಶ್ನೆ ಬಿದ್ದಿರುತ್ತದೆ. ‘ಎಷ್ಟು ತಿಂಗಳು?’ ಎರಡನೇ ಸ್ಟಾಪಿಗೆ, ‘ಕೂರುತ್ತಾ?’ ಮೂರನೆಯದಕ್ಕೆ, ‘ಹಲ್ಲು ಬಂತಾ? ಅಮ್ಮ ಅನ್ನುತ್ತಾ? ನಮ್ಮದು ಆಗಲೇ ಗೋಡೆ ಹಿಡ್ಕೊಂಡು ಓಡಾಡುತ್ತೆ.’ ಅಷ್ಟೇ ಸಾಕು. ಅಗ್ರಹಾರದಲ್ಲಿ ಇಳಿಯುವ ತಾಯಿ ಮಗುವಿನ ಜೊತೆ ಒಂದು ಚಿಂತೆಯನ್ನೂ ಎತ್ತಿಕೊಂಡು ಇಳಿಯುತ್ತಾಳೆ.

ರಾತ್ರಿ ಅಂಗಡಿಯ ಷಟರ್ ಎಳೆದು ಗಂಡ ಮನೆಗೆ ಬರುತ್ತಾನೆ. ತಟ್ಟೆಗೆ ಅನ್ನ ಬೀಳುವ ಮೊದಲೇ ವಿಷಯ ಬೀಳುತ್ತದೆ. ‘ನಡೀತದೆ ಬಿಡೇ, ಒಂದು ಸಲ ಓಡೋಕೆ ಶುರು ಮಾಡಿದ್ರೆ ಹಿಡಿಯೋಕಾಗಲ್ಲ’ ಎಂಬುದು ಅವನ ತೀರ್ಪು. ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿರುವ ಅಜ್ಜಿಯದು ಮೇಲ್ಮನವಿ ಕೋರ್ಟಿನ ತೀರ್ಪು: ‘ಇವನೂ ಹಾಗೇ. ಎರಡು ವರ್ಷ ಆದ್ರೂ ಬಾಯಿ ಬಿಡಲಿಲ್ಲ. ಈಗ ನೋಡು, ಗಿರಾಕಿ ಹತ್ರ ಬಾಯಿ ಮುಚ್ಚೋದೇ ಇಲ್ಲ!’

ಹೆಚ್ಚಿನ ಮನೆಗಳಲ್ಲಿ ಈ ತೀರ್ಪು ಸರಿಯಾಗಿಯೇ ಇರುತ್ತದೆ. ಮಗು ಇನ್ನೆರಡು ತಿಂಗಳಿಗೆ ನಡೆಯುತ್ತದೆ, ಮಾತಾಡುತ್ತದೆ, ಅಂಗಡಿಯ ಬೆಲ್ಲದ ಡಬ್ಬಿಗೆ ಕೈ ಹಾಕುತ್ತದೆ. ಆದರೆ ಕೆಲವು ಮನೆಗಳಲ್ಲಿ ಆಗುವುದಿಲ್ಲ. ಅಲ್ಲಿ ‘ನಡೀತದೆ ಬಿಡೇ’ ಎನ್ನುತ್ತಲೇ ಒಂದು ವರ್ಷ ಹೋಗುತ್ತದೆ, ಎರಡು ವರ್ಷ ಹೋಗುತ್ತದೆ. ಆಮೇಲೆ ಡಾಕ್ಟರು, ‘ಮೊದಲೇ ಯಾಕೆ ಕರಕೊಂಡು ಬರಲಿಲ್ಲ?’ ಎಂದಾಗ ಉತ್ತರ ಹೇಳಲು ಅಜ್ಜಿಯೂ ಇರುವುದಿಲ್ಲ, ಗಂಡನೂ ಬಾಯಿ ಬಿಡುವುದಿಲ್ಲ. ತಲೆ ತಗ್ಗಿಸುವವಳು ತಾಯಿ ಒಬ್ಬಳೇ.

ಹಾಗಾದರೆ ಕಾಯಬೇಕೋ, ಓಡಬೇಕೋ? ಇದು ಲೆಕ್ಕದ ಪ್ರಶ್ನೆ. ಲೆಕ್ಕ ಗೊತ್ತಿದ್ದವರಿಗೆ ಅರ್ಧ ಚಿಂತೆ ಕಡಿಮೆ.

ಅಳತೆಗೋಲು ಎಲ್ಲಿದೆ?

ವಿಶ್ವ ಆರೋಗ್ಯ ಸಂಸ್ಥೆಯವರು ಐದು ದೇಶಗಳ 816 ಮಕ್ಕಳ ಬೆನ್ನು ಬಿದ್ದು, ಯಾವ ಮಗು ಯಾವಾಗ ಕೂತಿತು, ಯಾವಾಗ ನಿಂತಿತು, ಯಾವಾಗ ನಡೆಯಿತು ಎಂದು ಬರೆದಿಟ್ಟರು. ಘಾನಾ, ನಾರ್ವೆ, ಒಮಾನ್, ಅಮೆರಿಕದ ಜೊತೆ ಭಾರತವೂ ಇತ್ತು. ಇಲ್ಲಿನ ಮಕ್ಕಳು ದೆಹಲಿಯವರು. 2006ರಲ್ಲಿ ಫಲಿತಾಂಶ ಅಚ್ಚಾಯಿತು. ನೂರರಲ್ಲಿ ತೀರಾ ಮುಂದಿನ ಒಂದು ಮಗುವನ್ನೂ ತೀರಾ ಹಿಂದಿನ ಒಂದು ಮಗುವನ್ನೂ ಬಿಟ್ಟು ನೋಡಿದರೆ, ಆಸರೆಯಿಲ್ಲದೆ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ! ಅಂದರೆ ಒಂಬತ್ತು ತಿಂಗಳಿಗೂ ಮಿಕ್ಕಿದ ಅಂತರ. ಒಂದು ಬಸುರಿ ಬಾಣಂತನದಷ್ಟು ಅಂತರವಿದ್ದರೂ ಎರಡೂ ಮಕ್ಕಳು ಸರಿಯಾಗಿಯೇ ಇರಬಹುದು. ಆಸರೆಯಿಲ್ಲದೆ ಕೂರುವುದಕ್ಕೆ 3.8ರಿಂದ 9.2 ತಿಂಗಳು. ತಾನಾಗಿ ನಿಲ್ಲುವುದಕ್ಕೆ 6.9ರಿಂದ 16.9.

ಬಸ್ಸಿನ ಪಕ್ಕದ ಸೀಟಿನವರ ಮಗು ಹತ್ತು ತಿಂಗಳಿಗೇ ನಡೆದಿದ್ದರೆ ನಡೆಯಲಿ, ಸಂತೋಷ. ಅದರಿಂದ ಅದು ಮುಂದೆ ಡಿ.ಸಿ. ಆಗುತ್ತದೆ ಎಂದೇನೂ ಇಲ್ಲ.

ಅಂಬೆಗಾಲಿನ ಕತೆ ಇನ್ನೂ ಸ್ವಾರಸ್ಯ. ಮಗು ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಸಿಹಿ ಹಂಚುವುದು ಈ ಕಡೆಯ ಎಷ್ಟೋ ಮನೆಗಳ ಪದ್ಧತಿ. ಮಗು ಅಂಬೆಗಾಲೇ ಇಡದಿದ್ದರೆ? ಸಿಹಿಯೂ ಇಲ್ಲ, ನೆಮ್ಮದಿಯೂ ಇಲ್ಲ. ಆದರೆ ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲನ್ನು ಬಿಟ್ಟೇ ಮುಂದಕ್ಕೆ ಹೋಗಿದ್ದವು. ಕೆಲವು ಕುಂಡೆಯ ಮೇಲೆ ಜಾರುತ್ತವೆ, ಕೆಲವು ಹೊಟ್ಟೆ ಎಳೆಯುತ್ತವೆ, ಕೆಲವು ಸೀದಾ ಮಂಚದ ಕಾಲು ಹಿಡಿದು ಎದ್ದು ನಿಲ್ಲುತ್ತವೆ. ಬೇರೆಲ್ಲ ಸರಿಯಿದ್ದರೆ ಹೊಸ್ತಿಲ ಪೂಜೆಯನ್ನು ನಡೆದು ದಾಟಿದ ದಿನ ಮಾಡಿಕೊಂಡರಾಯಿತು.

ವಿದೇಶದ ಲೆಕ್ಕ ನಮಗ್ಯಾಕೆ ಎನ್ನುವವರಿಗೆ ಪಕ್ಕದ ಕೇರಳದ ಲೆಕ್ಕವಿದೆ. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದಲ್ಲಿ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು ಒಂದು ಪಟ್ಟಿ ಮಾಡಿ 1991ರಲ್ಲಿ ಪ್ರಕಟಿಸಿದರು. ಎರಡು ವರ್ಷದೊಳಗಿನ ಮಕ್ಕಳಿಗೆ ಹದಿನೇಳೇ ಅಂಶ. ಬರೋಡಾದ ಮಕ್ಕಳನ್ನು ನೋಡಿ ಮಾಡಿದ್ದ ಲೆಕ್ಕದಿಂದ ಆರಿಸಿಕೊಂಡದ್ದು. ಕಾಗದದ ಮೇಲೆ ಮಗುವಿನ ವಯಸ್ಸಿರುವ ಜಾಗದಲ್ಲಿ ಒಂದು ಸ್ಕೇಲೋ ಪೆನ್ಸಿಲ್ಲೋ ನೆಟ್ಟಗೆ ಇಡಬೇಕು. ಅದರ ಎಡಕ್ಕೆ ಮುಗಿದು ಹೋದ ಅಂಶಗಳನ್ನೆಲ್ಲ ಮಗು ಮಾಡುತ್ತಿರಬೇಕು. ಒಂದು ಮಾಡದಿದ್ದರೂ ಮುಂದಿನ ಪರೀಕ್ಷೆಗೆ ಕಳಿಸು ಎಂದರ್ಥ. ಅಂಗಡಿಯ ಸ್ಟಾಕ್ ಪುಸ್ತಕ ನೋಡಿದಷ್ಟೇ ಸಲೀಸು. ಕೆಲವೇ ನಿಮಿಷದ ಕೆಲಸ. ದೊಡ್ಡ ಯಂತ್ರ ಬೇಡ, ಫಾರಿನ್ ಡಿಗ್ರಿ ಬೇಡ.

ಗೆರೆ ದಾಟಿದರೆ ಸುಮ್ಮನಿರಬೇಡಿ

ಪ್ರತಿ ಗಡಿಯಾರಕ್ಕೂ ಒಂದು ಕೊನೆಯ ಗಂಟೆ ಇರುತ್ತದೆ. ಮಕ್ಕಳ ಡಾಕ್ಟರುಗಳು ಹೇಳುವ ಕೊನೆಯ ಗಂಟೆಗಳು ಹೀಗಿವೆ. ಮೂರು ತಿಂಗಳಾದರೂ ಮುಖ ನೋಡಿ ನಗದ ಮಗು. ಐದಾರು ತಿಂಗಳಾದರೂ ಕತ್ತು ನಿಲ್ಲದ ಮಗು. ಹತ್ತು ತಿಂಗಳಾದರೂ ಕೂರದ ಮಗು. ಒಂದೂವರೆ ವರ್ಷವಾದರೂ ನಡೆಯದ ಮಗು. ಮಾತಿನಲ್ಲಾದರೆ, ಒಂದೂವರೆ ವರ್ಷಕ್ಕೂ ಅರ್ಥವಿರುವ ಒಂದು ಪದ ಇಲ್ಲ, ಎರಡು ವರ್ಷಕ್ಕೂ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂಥ ಎರಡು ಪದದ ಜೋಡಣೆ ಇಲ್ಲ ಎಂದರೆ ತೋರಿಸಲೇಬೇಕು. ಒಂದು ವರ್ಷವಾದರೂ ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ, ಒಂದೂವರೆ ವರ್ಷವಾದರೂ ಕಾಗೆಯನ್ನೋ ಬಸ್ಸನ್ನೋ ಬೆರಳು ಮಾಡಿ ತೋರಿಸುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ ಎಂದರೂ ಅಷ್ಟೇ.

ಇನ್ನು ಎರಡು ಗುಟ್ಟಿನ ಗುರುತುಗಳಿವೆ, ಅಜ್ಜಿಯರ ಕಣ್ಣಿಗೂ ತಪ್ಪುವಂಥವು. ಒಂದು ವರ್ಷದೊಳಗೇ ಮಗು ಬರೀ ಒಂದೇ ಕೈ ಬಳಸುತ್ತಿದ್ದರೆ ‘ಬಲಗೈ ಬಂಟ’ ಎಂದು ಹಿಗ್ಗಬೇಡಿ. ಆ ವಯಸ್ಸಿನಲ್ಲಿ ಎರಡೂ ಕೈ ಸಮನಾಗಿ ಆಡಬೇಕು. ಇನ್ನೊಂದು ಕೈಯಲ್ಲಿ ಶಕ್ತಿ ಕಡಿಮೆಯಿರಬಹುದು. ಎರಡನೆಯದು ಎಲ್ಲಕ್ಕಿಂತ ದೊಡ್ಡದು. ಆಡುತ್ತಿದ್ದ ಮಾತು ನಿಂತು ಹೋಯಿತು, ಕೂರುತ್ತಿದ್ದ ಮಗು ಕೂರದಾಯಿತು - ಬಂದದ್ದು ವಾಪಸು ಹೋಯಿತು ಎಂದರೆ ಯಾವ ವಯಸ್ಸಾದರೂ ಸರಿ, ಮಾರನೇ ದಿನಕ್ಕೂ ಕಾಯಬಾರದು. ‘ದೃಷ್ಟಿಯಾಗಿದೆ’ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವವರು ಹಾಕಿಕೊಳ್ಳಲಿ, ಆದರೆ ಹಾಕಿದ ಮೇಲೆ ಆಸ್ಪತ್ರೆಯ ಬಸ್ಸು ಹತ್ತಲಿ.

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಹತ್ತು ತಿಂಗಳು ತುಂಬಿದ್ದರೆ, ಬೆಳವಣಿಗೆಯ ಲೆಕ್ಕಕ್ಕೆ ಎಂಟೇ ತಿಂಗಳು. ಎರಡು ವರ್ಷ ತುಂಬುವವರೆಗೂ ಹೀಗೆ ಕಳೆದೇ ನೋಡಬೇಕು. ಇದು ಗೊತ್ತಿಲ್ಲದೆ ಅತ್ತು ಕಣ್ಣು ಊದಿಸಿಕೊಂಡ ತಾಯಂದಿರು ಎಷ್ಟೋ! ಆದರೆ ಇಂಥ ಮಕ್ಕಳು, ತೂಕ ತೀರಾ ಕಡಿಮೆಯಿದ್ದವು, ಹುಟ್ಟಿದೊಡನೆ ಅಳದವು, ಕಾಮಾಲೆ ಏರಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಬಂದವು, ಫಿಟ್ಸ್ ಬಂದವು - ಇವುಗಳನ್ನು ಗೆರೆ ದಾಟುವವರೆಗೆ ಕಾಯದೆ, ಮೊದಲಿಂದಲೇ ತೋರಿಸುತ್ತಿರಬೇಕು.

ತಟ್ಟೆ ಬಡಿದ ಪರೀಕ್ಷೆ

ಮಾತು ಬಾರದ ಮಗುವಿಗೆ ಮನೆಯಲ್ಲಿ ನಡೆಯುವ ಚಿಕಿತ್ಸೆಗಳನ್ನು ಬರೆದರೆ ಒಂದು ಪಂಚಾಂಗವಾದೀತು. ಬಜೆ ತೇಯ್ದು ನಾಲಿಗೆಗೆ ಸವರುವುದು ಮೊದಲನೆಯದು. ‘ನಾಲಿಗೆ ದಪ್ಪ’ ಎನ್ನುವುದು ಎರಡನೆಯದು. ‘ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತೆ’ ಎನ್ನುವ ಸಲಹೆಗಾರ ಪ್ರತಿ ಬೀದಿಯಲ್ಲೂ ಒಬ್ಬನಿರುತ್ತಾನೆ. ದೇವರಿಗೆ ಗಂಟೆ ಹರಕೆ ಹೊರುವುದು ಇನ್ನೊಂದು. ಸ್ವಲ್ಪ ಓದಿದ ಮನೆಯಾದರೆ ಐನ್‌ಸ್ಟೀನ್ ಬರುತ್ತಾನೆ - ‘ಅವನಿಗೂ ಮಾತು ತಡವಂತೆ.’ ಕುವೆಂಪುನಗರದಿಂದ ಹೆಬ್ಬಾಳದವರೆಗೆ ಈ ಊರಲ್ಲಿ ಎಷ್ಟು ಐನ್‌ಸ್ಟೀನರು ಬೆಳೆಯುತ್ತಿದ್ದಾರೋ ಲೆಕ್ಕವಿಲ್ಲ!

ಇವೆಲ್ಲದರ ನಡುವೆ ಯಾರೂ ಕೇಳದ ಪ್ರಶ್ನೆ ಒಂದೇ: ಮಗುವಿಗೆ ಕಿವಿ ಕೇಳುತ್ತದೆಯೇ?

ಕೇಳಿದರೆ ತಂದೆಗೆ ಸಿಟ್ಟು. ‘ಕೇಳದೆ ಏನ್ರೀ, ತಟ್ಟೆ ಬಡಿದ್ರೆ ತಿರುಗುತ್ತೆ!’ ಈ ತಟ್ಟೆ ಪರೀಕ್ಷೆಯನ್ನು ನಂಬಿ ಹಾಳಾದವರು ಕಡಿಮೆಯಿಲ್ಲ. ತಟ್ಟೆ ಬಡಿಯುವಾಗ ಮಗುವಿಗೆ ಕೈ ಆಡಿದ ನೆರಳು ಕಾಣುತ್ತದೆ, ನೆಲ ಅದುರಿದ್ದು ತಿಳಿಯುತ್ತದೆ, ತಿರುಗುತ್ತದೆ. ಇನ್ನು ಕೆಲವಕ್ಕೆ ದೊಡ್ಡ ಸದ್ದು, ಲಾರಿ ಹಾರನ್ನು, ಬಾಗಿಲು ಬಡಿತ ಕೇಳುತ್ತದೆ. ಆದರೆ ಮಾತಿನ ಸೂಕ್ಷ್ಮ ಅಕ್ಷರಗಳಾದ ಸ, ತ, ಕ ಕೇಳುವುದಿಲ್ಲ. ಅರ್ಧಂಬರ್ಧ ಕೇಳಿದ ಮಗುವಿಗೆ ಮಾತು ಎಲ್ಲಿಂದ ಬರಬೇಕು? ಹುಟ್ಟಾ ಕಿವುಡಾದ ಮಗುವೂ ಮೊದಲ ಕೆಲವು ತಿಂಗಳು ‘ಆ... ಊ...’ ಎನ್ನುತ್ತದೆ. ಆಮೇಲೆ ಆ ಸದ್ದು ನಿಧಾನವಾಗಿ ಒಣಗುತ್ತದೆ. ‘ಮೊದಲು ಚೆನ್ನಾಗಿ ಕೂಗ್ತಿತ್ತು, ಏನಾಯ್ತೋ’ ಎಂದು ಮನೆಯವರು ತಲೆ ಕೆಡಿಸಿಕೊಳ್ಳುವುದು ಆಗಲೇ.

ಎಳೆ ಮಗುವಿನ ಕಿವಿ ಪರೀಕ್ಷಿಸಲು ಮಗು ಮಾತಾಡಬೇಕಾಗಿಯೂ ಇಲ್ಲ, ಕೈ ಎತ್ತಬೇಕಾಗಿಯೂ ಇಲ್ಲ. ಮಲಗಿದ ಮಗುವಿನ ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ಒಳಗಿವಿಯಿಂದ ಬರುವ ಪ್ರತಿಧ್ವನಿಯನ್ನು ಯಂತ್ರ ಅಳೆಯುತ್ತದೆ. ನೋವಿಲ್ಲ, ಚುಚ್ಚುವುದಿಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ. ತಿಳಿದವರ ಸೂತ್ರ ಒಂದು, ಮೂರು, ಆರು: ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಈ ಸೂತ್ರ ಹಿಡಿದ ಮಕ್ಕಳು ಓರಗೆಯವರ ಸಮಕ್ಕೆ ಮಾತು ಕಲಿಯುವ ಅವಕಾಶ ದೊಡ್ಡದು. ಮಾತಿಗೆಂದೇ ಮೆದುಳು ತೆರೆದಿಟ್ಟುಕೊಳ್ಳುವ ಬಾಗಿಲು ಮೊದಲ ಕೆಲವು ವರ್ಷ ಮಾತ್ರ ಅಗಲವಾಗಿರುತ್ತದೆ. ಐದನೇ ವಯಸ್ಸಿಗೆ, ಸ್ಕೂಲಿಗೆ ಸೇರಿಸುವಾಗ ಓಡಿ ಬಂದರೆ ಬಾಗಿಲು ಅರ್ಧ ಮುಚ್ಚಿರುತ್ತದೆ. ಹುಟ್ಟು ಕಿವುಡಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಲು ನೆರವಾಗುವ ಕೇಂದ್ರದ ಅಡಿಪ್ ಯೋಜನೆ ಕೂಡ ಐದು ವರ್ಷದ ಗೆರೆ ಹಾಕಿಕೊಂಡಿರುವುದು ಸುಮ್ಮನೆ ಅಲ್ಲ.

ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತರುವ ಸಂಬಂಧ ಈ ಸೀಮೆಯಲ್ಲಿ ಇನ್ನೂ ಇದೆ. ಆಸ್ತಿ ಉಳಿಯುತ್ತದೆ, ಹೆಣ್ಣು ಕಣ್ಣ ಮುಂದಿರುತ್ತಾಳೆ, ಸರಿ. ಆದರೆ ರಕ್ತಸಂಬಂಧದ ಮದುವೆಯಲ್ಲಿ ಹುಟ್ಟು ಕಿವುಡಿನಂಥ ವಂಶದ ತೊಂದರೆಗಳ ಸಾಧ್ಯತೆ ಹೆಚ್ಚು. ಅಂಥ ಮನೆಗಳವರು ಮಗುವಿನ ಕಿವಿ ಪರೀಕ್ಷೆಯನ್ನು ನಾಮಕರಣದಷ್ಟೇ ಖಡ್ಡಾಯ ಮಾಡಿಕೊಳ್ಳುವುದು ಒಳ್ಳೆಯದು.

ಒಂದು ಹನಿ ರಕ್ತದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಕೆಲವು ಮಕ್ಕಳು ಹುಟ್ಟುವಾಗಲೇ ಥೈರಾಯ್ಡ್ ಕೊರತೆ ಹೊತ್ತು ಬರುತ್ತವೆ. ನೋಡಲು ಮುದ್ದಾಗಿ, ಸುಮ್ಮನೆ ಮಲಗಿರುತ್ತವೆ. ‘ಎಷ್ಟು ಒಳ್ಳೇ ಮಗು, ಅಳೋದೇ ಇಲ್ಲ’ ಎಂಬ ಹೊಗಳಿಕೆ ಬೇರೆ! ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಗೊತ್ತಾಗುತ್ತದೆ. ಮೊದಲ ಕೆಲವು ವಾರಗಳಲ್ಲೇ ದಿನಕ್ಕೊಂದು ಸಣ್ಣ ಮಾತ್ರೆ ಶುರುವಾದರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಡವಾದರೆ ಬುದ್ಧಿ ಬೆಳವಣಿಗೆಗೆ ಆದ ನಷ್ಟವನ್ನು ಯಾವ ಮಾತ್ರೆಯೂ ತುಂಬಿಕೊಡದು. ಹೆರಿಗೆಯಾದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಬಿಲ್ಲಿನ ಬಗ್ಗೆ ಹತ್ತು ಪ್ರಶ್ನೆ ಕೇಳುವ ತಂದೆ, ‘ಥೈರಾಯ್ಡ್ ಟೆಸ್ಟು ಮಾಡಿದ್ರಾ, ಕಿವಿ ಟೆಸ್ಟು ಮಾಡಿದ್ರಾ?’ ಎಂಬ ಹನ್ನೊಂದನೆಯದನ್ನೂ ಕೇಳಬೇಕು.

ಮನೆ ಮುಂದಿನ ಗಂಗೆ

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಕತೆ ಮೈಸೂರಿಗೆ ಸರಿಯಾಗಿ ಒಪ್ಪುತ್ತದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. 1966ರಲ್ಲಿ ಅದರ ಕಟ್ಟಡಕ್ಕೆ ಅಡಿಗಲ್ಲಿಟ್ಟವರು ಅಂದಿನ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್, ಒಂದು ಕಾಲಕ್ಕೆ ಇದೇ ಊರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಹೊರ ರಾಜ್ಯಗಳಿಂದ ಜನ ರೈಲು ಹತ್ತಿ ಇಲ್ಲಿಗೆ ಬರುತ್ತಾರೆ, ಮಗುವಿನ ತರಬೇತಿಗೆಂದು ಹತ್ತಿರದಲ್ಲೇ ಕೋಣೆ ಹಿಡಿದು ತಿಂಗಳುಗಟ್ಟಲೆ ಇರುತ್ತಾರೆ. ಊರಿನವರಿಗೆ? ‘ಸ್ಪೀಚ್ ಅಂಡ್ ಹಿಯರಿಂಗಾ, ಬೋಗಾದಿ ರೋಡಿನ ಕಡೆ’ ಎಂದು ಆಟೋದವನಿಗೆ ದಾರಿ ಹೇಳಲು ಗೊತ್ತು. ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ, ‘ಮೂಗರದ್ದು ಯಾವುದೋ ಶಾಲೆ’ ಎನ್ನುವವರು ಈಗಲೂ ಸಿಗುತ್ತಾರೆ.

ಅಲ್ಲಿ ಮಗುವಿನ ಕಿವಿ ನೋಡುತ್ತಾರೆ, ಮಾತು ನೋಡುತ್ತಾರೆ, ಮನಸ್ಸಿನ ಬೆಳವಣಿಗೆ ನೋಡುತ್ತಾರೆ. ಶಾಲೆಗೆ ಮುಂಚಿನ ಮಕ್ಕಳ ತರಗತಿಯಲ್ಲಿ ತಾಯಿಯೂ ಕೂರಬೇಕು. ವಾರಕ್ಕೆರಡು ಗಂಟೆ ಥೆರಪಿಸ್ಟು ಹೇಳಿಕೊಡುವುದಕ್ಕಿಂತ ದಿನವಿಡೀ ಮಗುವಿನ ಜೊತೆ ಇರುವವಳು ಕಲಿತರೆ ಲಾಭ ಹೆಚ್ಚು ಎಂಬ ವ್ಯವಹಾರ ಜ್ಞಾನ. ಅಂಗಡಿಯವರಿಗೆ ಇದು ಬೇಗ ಅರ್ಥವಾಗುವ ಮಾತು.

ಮೈಸೂರು ಜಿಲ್ಲೆಗೆ ಇನ್ನೊಂದು ಹೆಚ್ಚುಗಾರಿಕೆ ಇದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲಿಗೆ ಆರಿಸಿಕೊಂಡದ್ದು ಟಿ. ನರಸೀಪುರವನ್ನು. ನೂರು ಅಂಗನವಾಡಿಗಳಿಂದ ಆರಂಭ. ಅರ್ಧ ಶತಮಾನ ಕಳೆದಿದೆ. ಇವತ್ತು ಅಂಗನವಾಡಿ ಇಲ್ಲದ ಊರು ಹುಡುಕಬೇಕು. ಗರ್ಭಿಣಿಯಾದೊಡನೆ ಕೊಡುವ ತಾಯಿ ಕಾರ್ಡಿನಲ್ಲಿ ಮಗು ಯಾವ ತಿಂಗಳಿಗೆ ಏನು ಮಾಡಬೇಕು ಎಂದು ಚಿತ್ರ ಸಮೇತ ಕೊಟ್ಟಿದ್ದಾರೆ. ಕಾರ್ಡು ಎಲ್ಲಿದೆ? ಹೆಚ್ಚಿನ ಮನೆಗಳಲ್ಲಿ ಟ್ರಂಕಿನೊಳಗೆ, ರೇಷನ್ ಕಾರ್ಡಿನ ಕೆಳಗೆ. ಚುಚ್ಚುಮದ್ದಿನ ದಿನ ಹೊರಬಂದು, ಸೀಲು ಹಾಕಿಸಿಕೊಂಡು ಮತ್ತೆ ಒಳಗೆ. ಚಿತ್ರದ ಪುಟ ತೆರೆದವರು ಕಡಿಮೆ. ಅಂಗನವಾಡಿ ಕಾರ್ಯಕರ್ತೆಯನ್ನು ಬೈಯುವುದು ಸುಲಭ. ಮೊಟ್ಟೆ ಲೆಕ್ಕ, ತೂಕದ ಲೆಕ್ಕ, ಮೊಬೈಲಿಗೆ ತುಂಬುವ ಲೆಕ್ಕ, ಎಲೆಕ್ಷನ್ ಬಂದರೆ ಮತದಾರರ ಲೆಕ್ಕ - ಇಷ್ಟೆಲ್ಲ ಒಬ್ಬಳ ತಲೆಗೆ ಕಟ್ಟಿದ ಮೇಲೆ, ಯಾವ ಮಗು ಬೆರಳು ಮಾಡಿ ತೋರಿಸಲಿಲ್ಲ ಎಂದು ನೋಡಲು ಆಕೆಗೆ ಎಷ್ಟು ಕಣ್ಣಿರಬೇಕು?

ಅದಕ್ಕೆಂದೇ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ 30 ಬಗೆಯ ತೊಂದರೆಗಳನ್ನು ಹುಡುಕಿ ಹಿಡಿಯುವ ಕೆಲಸ; ಬೆಳವಣಿಗೆಯ ವಿಳಂಬವೂ ಅದರಲ್ಲಿ ಸೇರಿದೆ. ಡಾಕ್ಟರರ ತಂಡ ವಾಹನದಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ತೊಂದರೆ ಕಂಡರೆ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಬರೆಯಬೇಕು, ಚಿಕಿತ್ಸೆ ಪುಕ್ಕಟೆ. ಯೋಜನೆ ಚೆನ್ನಾಗಿದೆ. ತಂಡ ಬರುವ ದಿನ ಮಗುವನ್ನು ನೆಂಟರ ಮದುವೆಗೆ ಕರೆದುಕೊಂಡು ಹೋದರೆ ಯೋಜನೆಯೂ ಏನು ಮಾಡೀತು? ಯಾವ ದಿನ ಬರುತ್ತಾರೆ ಎಂದು ಅಂಗನವಾಡಿಯಲ್ಲಿ ಮುಂಚೆಯೇ ಕೇಳಿ ಇಟ್ಟುಕೊಳ್ಳಬೇಕು. ಪ್ರೈವೇಟ್ ನರ್ಸರಿಗೆ ಹಾಕಿದವರಂತೂ, ಫೀಜು ಕಟ್ಟಿದ್ದೇವಲ್ಲ, ಅವರೇ ನೋಡ್ಕೋತಾರೆ ಎಂದು ಕೂರುವ ಹಾಗಿಲ್ಲ.

ಗಲ್ಲಾ ಪೆಟ್ಟಿಗೆ ಪಕ್ಕದ ಮೊಬೈಲು

ಸಂತೇಪೇಟೆಯಲ್ಲಾಗಲಿ, ಶಿವರಾಂಪೇಟೆಯಲ್ಲಾಗಲಿ, ಸಂಜೆ ಹೊತ್ತು ಅಂಗಡಿಗಳ ಮುಂದೆ ನಡೆದು ಹೋದರೆ ಒಂದು ನೋಟ ಕಾಣಬಹುದು. ಗಲ್ಲದ ಪಕ್ಕದಲ್ಲಿ ಒಂದು ಮಗು, ಅದರ ಕೈಯಲ್ಲಿ ಮೊಬೈಲು. ಯಾವುದೋ ದೇಶದ ಗೊಂಬೆ ಯಾವುದೋ ಭಾಷೆಯಲ್ಲಿ ಹಾಡುತ್ತಿರುತ್ತದೆ. ಅಪ್ಪ ವ್ಯಾಪಾರದಲ್ಲಿ, ಅಮ್ಮ ಪೊಟ್ಟಣ ಕಟ್ಟುವುದರಲ್ಲಿ. ಯಾರನ್ನು ದೂರುವುದು? ಗಿರಾಕಿ ನಿಂತಿರುವಾಗ ಮಗುವಿಗೆ ಕತೆ ಹೇಳಲು ಆಗುತ್ತದೆಯೇ!

ಮೊಬೈಲಿನಿಂದಲೇ ಆಟಿಸಂ ಬರುತ್ತದೆ ಎಂದು ಹೆದರಿಸುವವರ ಮಾತು ನಂಬಬೇಕಾಗಿಲ್ಲ. ಆದರೆ ಮಗು ಮಾತು ಕಲಿಯುವುದು ಮಾತಿಗೆ ಮಾತು ವಾಪಸು ಬಂದಾಗ. ಮಗು ‘ಬಾ’ ಎಂದರೆ ಅಮ್ಮ ‘ಬಾಳೆಹಣ್ಣಾ?’ ಎನ್ನುತ್ತಾಳೆ, ಮೊಬೈಲು ಅನ್ನುವುದಿಲ್ಲ, ಅದರ ಪಾಡಿಗೆ ಅದು ಹಾಡುತ್ತದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಭಾರತದ ಮಕ್ಕಳ ವೈದ್ಯರ ಸಂಘ ಎರಡು ವರ್ಷದವರೆಗೂ ಬೇಡ, ದೂರದ ನೆಂಟರ ಜೊತೆ ವಿಡಿಯೋ ಕಾಲಿಗೆ ಮಾತ್ರ ರಿಯಾಯಿತಿ ಎಂದಿದೆ. ಅಂಗಡಿಯಲ್ಲಿ ಕೂತ ಮಗುವಿಗೆ ಆಟದ ಸಾಮಾನಿಗೇನು ಬರ? ಅಳತೆಯ ಪಾವು, ಖಾಲಿ ಡಬ್ಬಿ, ಬಣ್ಣ ಬಣ್ಣದ ಪೊಟ್ಟಣ, ಎಣಿಸಲು ನಿಂಬೆಹಣ್ಣು. ಕಡಲೆಬೀಜ, ಬಟಾಣಿ, ನಾಣ್ಯ ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಅಜ್ಜಿಯದು ತಮಿಳು ಎಂಬ ಮನೆಗಳು ಈ ಊರಲ್ಲಿ ಸಾವಿರ. ‘ಎರಡು ಭಾಷೆಯಲ್ಲಿ ಕನ್‌ಫ್ಯೂಸ್ ಆಗಿ ಮಾತು ತಡ’ ಎಂದು ಹೇಳುವುದು ರೂಢಿ. ಅದು ತಪ್ಪು ಲೆಕ್ಕ. ಮಗು ‘ಪಾನಿ’ ಎಂದರೂ ‘ನೀರು’ ಎಂದರೂ ಪದವೇ. ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಬೇಕು. ತಾಯಿಗೆ ಸರಾಗವಾದ ಭಾಷೆ ಬಿಟ್ಟು ‘ಕಮ್ ಬೇಬಿ, ಸಿಟ್ ಬೇಬಿ, ಈಟ್ ಬೇಬಿ’ ಎಂದು ಮೂರೇ ಮಾತಿನ ಇಂಗ್ಲಿಷಿನಲ್ಲಿ ಸಾಕುವುದರಿಂದ ಮಗುವಿಗೆ ಸಿಗುವುದೂ ಆ ಮೂರೇ ಮಾತು.

ಇನ್ನು ವಾಕರ್. ಬಾರಸೆಗೆ ನೆಂಟರು ತರುವ ಪ್ಲಾಸ್ಟಿಕ್ಕಿನ ಚಕ್ರದ ಗಾಡಿ. ಮಗು ಅದರೊಳಗೆ ತೂಗಾಡುತ್ತ ಓಡುವುದನ್ನು ನೋಡಿ ಮನೆಯವರು ‘ನಡೀತಿದೆ’ ಎಂದುಕೊಳ್ಳುತ್ತಾರೆ. ನಡೆಯುತ್ತಿರುವುದು ಚಕ್ರ! ಅದರಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿಂದ ಉರುಳಿ ತಲೆ ಒಡೆದುಕೊಳ್ಳುವುದು ಬೇಗ ಬರುತ್ತದೆ. ಕೆನಡಾ ದೇಶದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಲ್ಲಿಸಿದ್ದಾರೆ. ಚನ್ನಪಟ್ಟಣದ ಮರದ ಮೂರು ಗಾಲಿಯ ಗಾಡಿ ಬೇರೆ ಜಾತಿ. ಅದರಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಂತು ತಳ್ಳಬೇಕು. ಪಕ್ಕದಲ್ಲಿ ಒಬ್ಬರಿದ್ದರೆ ಸಾಕು.

ತಪ್ಪು ಯಾರದು?

ಡಾಕ್ಟರು ಹೆಸರು ಹೇಳಿದ ದಿನ ಮನೆಯಲ್ಲಿ ನಡೆಯುವುದನ್ನು ಯಾವ ಪುಸ್ತಕವೂ ಬರೆಯುವುದಿಲ್ಲ. ‘ನಮ್ಮ ಕಡೆ ಯಾರಿಗೂ ಇಲ್ಲ’ ಎಂಬ ಮಾತು ಅತ್ತೆಯ ಬಾಯಿಂದ ಬರುತ್ತದೆ. ಬಸುರಿಯಲ್ಲಿ ಗ್ರಹಣ ನೋಡಿದಳು, ಪರಂಗಿ ಹಣ್ಣು ತಿಂದಳು, ಬೈಕಿನಲ್ಲಿ ಕೂತಳು - ಹಳೆಯ ಲೆಡ್ಜರ್ ತೆಗೆದು ಸೊಸೆಯ ಖಾತೆಗೆ ಬರೆಯುತ್ತಾರೆ. ಗಂಡ ಅಂಗಡಿಯಲ್ಲಿ ಒಂದು ಗಂಟೆ ಹೆಚ್ಚು ಕೂರತೊಡಗುತ್ತಾನೆ. ಮದುವೆ ಮುಂಜಿಗೆ ಮಗುವನ್ನು ಕರೆದುಕೊಂಡು ಹೋಗುವುದು ನಿಲ್ಲುತ್ತದೆ. ಎರಡನೇ ಮಗಳ ಸಂಬಂಧಕ್ಕೆ ಅಡ್ಡಿಯಾದೀತೆಂದು ಅಂಗವಿಕಲರ ಕಾರ್ಡು ಮಾಡಿಸಲೂ ಹಿಂಜರಿಯುತ್ತಾರೆ. 2016ರ ಕಾಯಿದೆಯಲ್ಲಿ ಆಟಿಸಂ ಸೇರಿ 21 ಬಗೆಯ ತೊಂದರೆಗಳಿಗೆ ಹಕ್ಕು ಬರೆದಿದ್ದಾರೆ. ಬರೆದದ್ದು ಉಪಯೋಗಕ್ಕೆ ಬರುವುದು ಅರ್ಜಿ ಹಾಕಿದವರಿಗೆ.

ಈ ಸಂಕಟ ಇರುವ ಕಡೆ ವ್ಯಾಪಾರವೂ ಹುಟ್ಟುತ್ತದೆ. ‘ಮೂರು ತಿಂಗಳಲ್ಲಿ ಮಾತು ಗ್ಯಾರಂಟಿ’ ಎನ್ನುವ ಬೋರ್ಡುಗಳು, ಲಕ್ಷಗಟ್ಟಲೆ ಕಟ್ಟಿಸಿಕೊಂಡು ಸ್ಟೆಮ್ ಸೆಲ್ ಚುಚ್ಚುವ ದಲ್ಲಾಳಿಗಳು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ತಕ್ಕುದಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಮಾತಿನ ಥೆರಪಿ ಕೊಡುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಗಿರಾಕಿ ಎಂ.ಆರ್.ಪಿ. ನೋಡಿ ಸಾಮಾನು ಕೊಳ್ಳುವಂತೆ ಆ ನಂಬರನ್ನು ಕೇಳಿ ನೋಡಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೆ ಅಲ್ಲಿಂದ ಎದ್ದು ಬರಬೇಕು.

ಒಂದು ಅನುಕೂಲ ಹೇಳಬೇಕು. ಮೊದಲೆಲ್ಲ ಹೆಗ್ಗಡದೇವನಕೋಟೆಯಿಂದಲೋ, ಪಿರಿಯಾಪಟ್ಟಣದಿಂದಲೋ ವಾರಕ್ಕೆರಡು ಸಲ ಥೆರಪಿಗೆ ಬರುವ ತಾಯಿಗೆ ಬಸ್ ಚಾರ್ಜೇ ದೊಡ್ಡ ಗೋಡೆ. ಎರಡು ತಿಂಗಳು ಬಂದು ನಿಲ್ಲಿಸಿಬಿಡುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಉಳಿದ ಮೇಲೆ ಆ ಗೋಡೆ ಅಷ್ಟು ಎತ್ತರವಿಲ್ಲ. ಕೂಲಿ ಹೋದದ್ದು ಹೋಯಿತು, ಅದು ಬೇರೆ ಮಾತು. ಬಸ್ಸಿನಲ್ಲಿ ಸೀಟು ಸಿಗುವುದೂ ಬೇರೆ ಮಾತು. ಹಿಡಿತಕ್ಕೆ ಸಿಗದೆ ಕಿರುಚುವ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ‘ಮಗು ಸುಮ್ಮನಿರಿಸಮ್ಮ’ ಎಂದು ಗದರುವ ಮುಂಚೆ ಯಾರಾದರೂ ಎದ್ದು ಜಾಗ ಕೊಟ್ಟರೆ ಪುಣ್ಯ.

ಸಂಶಯವಿದ್ದವರು ಬೇರೆ ದಿನ ಹುಡುಕಬೇಕಾಗಿಲ್ಲ. ಆರು, ಹತ್ತು, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು, ಮತ್ತೆ ಒಂದೂವರೆ ವರ್ಷದ ಆಸುಪಾಸಿನಲ್ಲಿ ಚುಚ್ಚುಮದ್ದಿಗೆ ಹೇಗೂ ಹೋಗಬೇಕು. ಆಗಲೇ ಕೇಳಿಬಿಡಬಹುದು. ಹೋಗುವಾಗ ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇರಲಿ. ಮಗು ಮನೆಯಲ್ಲಿ ಆಡುವುದನ್ನು, ಕರೆದರೆ ತಿರುಗದಿರುವುದನ್ನು ಎರಡು ನಿಮಿಷ ಮೊಬೈಲಿನಲ್ಲಿ ವಿಡಿಯೋ ಹಿಡಿದುಕೊಂಡು ಹೋದರೆ ಇನ್ನೂ ಒಳ್ಳೆಯದು. ಡಾಕ್ಟರ ಮುಂದೆ ಮಕ್ಕಳು ಬಿಮ್ಮೆಂದು ಕೂರುವುದೇ ಹೆಚ್ಚು. ಮೊಬೈಲು ಅಷ್ಟಾದರೂ ಉಪಯೋಗಕ್ಕೆ ಬರಲಿ. ಅಜ್ಜಿಯನ್ನೂ ಕರೆದುಕೊಂಡು ಹೋಗಿ. ‘ಗೌರಿ ಹಬ್ಬಕ್ಕೆ ಮಗುಚಿಕೊಂಡಿತ್ತು, ದೀಪಾವಳಿಗೆ ಕೂತಿತ್ತು, ಸಂಕ್ರಾಂತಿಗೂ ಅಂಬೆಗಾಲು ಬರಲಿಲ್ಲ’ ಎಂದು ತಾರೀಖಿನ ಸಮೇತ ಹೇಳಬಲ್ಲವರು ಆ ಮನೆಯಲ್ಲಿ ಅವರೊಬ್ಬರೇ ಇರುತ್ತಾರೆ.